ಡಿಸ್ಕಿನ ಮುಖ ಯಾವ ಕಡೆ?

ಸರ್ವರ್ ರಿಪೇರಿ ಮಾಡುವ ನನಗೆ ಪೀಣ್ಯದ ಒಂದು ಫ್ಯಾಕ್ಟರಿಯಿಂದ ಬೆಳಗ್ಗೆಯೇ ಫೋನು. "ಸಾರ್, ಹೊಸ ಡಿಸ್ಕ್ ಹಾಕಿದ್ದೀವಿ, ಸಿಸ್ಟಮ್‌ಗೆ ಕಾಣಿಸ್ತಾನೇ ಇಲ್ಲ." ಹಳೇ ಡಿಸ್ಕ್ ತುಂಬಿಹೋಗಿತ್ತು. ಹೊಸದು ಏಳದಿದ್ದರೆ ಮಧ್ಯಾಹ್ನದ ಶಿಫ್ಟಿಗೆ ಮೆಷಿನ್‌ಗಳಿಗೆ ಡ್ರಾಯಿಂಗ್ ಸಿಗುತ್ತಿರಲಿಲ್ಲ.

ಹೋದವನೇ ಅವರ ಯೂನಿಕ್ಸ್ ಸರ್ವರ್‌ನ ಪರದೆಯ ಮುಂದೆ ಕೂತೆ. ಹೊಸ ಡಿಸ್ಕ್ ಹುಡುಕು ಅಂತ ನಾಲ್ಕು ಥರ ಕಮಾಂಡ್ ಕೊಟ್ಟೆ. ರೀಸ್ಟಾರ್ಟ್ ಮಾಡಿದೆ. ಊಹೂಂ. ಕೊನೆಗೆ, ಡಿಸ್ಕೇ ಸತ್ತಿದೆ ಅಂತ ಗತ್ತಿನಿಂದ ಘೋಷಿಸಿ, ವಾಪಸ್ ಕಳಿಸಲು ಅದನ್ನು ಹೊರಗೆಳೆದೆ.

ಹಿಂಬದಿಯಲ್ಲಿ, ಕನೆಕ್ಷನ್ ಕೂರಬೇಕಾದ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಅರಿಶಿನ. ಅದರ ಮೇಲೆ ದುಂಡಗೆ ಕುಂಕುಮ.

ಸ್ಟೋರ್ಸ್ ನೋಡಿಕೊಳ್ಳುವ ಗೌರಮ್ಮ ಪಕ್ಕದಲ್ಲೇ ನಿಂತಿದ್ದರು. "ಪೂಜೆ ಮಾಡ್ದೆ ಹೊಸ ಸಾಮಾನು ಒಳಗ್ ಬಿಡಲ್ಲ ಸಾರ್. ಇದ್ರ ಮುಖ ಯಾವ್ ಕಡೆ ಅಂತ ಗೊತ್ತಾಗ್ಲಿಲ್ಲ. ಹೊಳೀತಿದ್ದ ಕಡೆ ಇಟ್ಟೆ."

ಬೈಯಲು ಮನಸ್ಸಾಗಲಿಲ್ಲ. ನಾನು ಬೆಳಗ್ಗೆಯಿಂದ ಆ ಡಿಸ್ಕನ್ನು ಕಣ್ಣೆತ್ತಿಯೂ ನೋಡಿರಲಿಲ್ಲ; ಅವರು ಮುಖ ಹುಡುಕುವಷ್ಟಾದರೂ ನೋಡಿದ್ದರು. ಬ್ರಶ್‌ನಿಂದ ಚೆನ್ನಾಗಿ ಉಜ್ಜಿ ಮತ್ತೆ ಹಾಕಿದೆ. ತಕ್ಷಣ ಕಾಣಿಸಿತು.

"ನೋಡಿದ್ರಾ, ಪೂಜೆ ಫಲ," ಅಂದರು ಗೌರಮ್ಮ.

ನಾನು ಡಿಸ್ಕಿನ ಹೊರಗೆ ಕಾಣುವ ಹಿಡಿಕೆಯ ಕಡೆ ತೋರಿಸಿ, "ಅಮ್ಮಾ, ಇನ್ಮೇಲೆ ಇದೇ ಮುಖ," ಅಂದೆ. ಒಪ್ಪಿದರು. ಆಮೇಲೆ ಸರ್ವರ್ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ ಬಂದು ಕೇಳಿದರು: "ಅದ್ಸರಿ ಸಾರ್, ಇದಕ್ಕೆ ಚಕ್ರಾನೇ ಇಲ್ವಲ್ಲ, ನಿಂಬೆಹಣ್ಣು ಎಲ್ಲಿಡ್ಲಿ?"

ಯೂನಿಕ್ಸ್ ಕೈಪಿಡಿಯಲ್ಲಿ ಇನ್ನೂ ಹುಡುಕುತ್ತಿದ್ದೇನೆ.