ಮುಕಾದಮ ಅಂಬರಾಯ ಹೇಳಿಕೊಂಡ ಪಾಪಗಳು

ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೂಲಿಗಳ ಮೇಲಿನ ಮುಕಾದಮನಾಗಿದ್ದ ಅಂಬರಾಯನಷ್ಟು ಪಾಪ ಮಾಡಿದವರು ನಿಜಾಮರ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದರು. ಮಾಡಿದ್ದನ್ನು ಅಷ್ಟು ಚೆಂದವಾಗಿ ಹೇಳಿಕೊಳ್ಳುವವನು ಮಾತ್ರ ಅವನೊಬ್ಬನೇ. ದೀಕ್ಷಾಸ್ನಾನವಾದ ಮೇಲೆ ಅವನಿಗೆ ಅಬ್ರಹಾಮಪ್ಪ ಎಂದು ಹೆಸರಿಟ್ಟರು. ಜನ ಎದುರಿಗೆ ಹಾಗೆ ಕರೆದು ಬೆನ್ನ ಹಿಂದೆ ಅಂಬರಾಯ ಎನ್ನುತ್ತಿದ್ದರು. ಅಂಥವನಿಗೆ ಹಳೆಯ ಹೆಸರೇ ಹೆಚ್ಚು.

ಸುಗ್ಗಿ ಹಬ್ಬದ ದಿನ ಅಲ್ಲಿನ ಕ್ರೈಸ್ತ ಸಭೆಯವರು ಹೊಸ ಜೋಳದ ತೆನೆ ತಂದು ದೇವಾಲಯದಲ್ಲಿಟ್ಟು, ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುತ್ತಿದ್ದರು. ತಾನು ಮೊದಲು ಎಂಥ ಪಾಪಿಯಾಗಿದ್ದೆ, ದೇವರು ಹೇಗೆ ಕೈಹಿಡಿದ ಎಂಬುದೇ ಸಾಕ್ಷಿ. ಅಂಬರಾಯನಿಗೆ ಅದು ವರ್ಷದ ದೊಡ್ಡ ದಿನ. ರುಮಾಲು ಸರಿಮಾಡಿಕೊಂಡು ಎದ್ದನೆಂದರೆ ಶೇಂದಿ ಕುಡಿದದ್ದು, ವಾಡಿ ಠೇಸನ್ನಿನ ಹಿಂದೆ ಇಸ್ಪೀಟು ಆಡಿದ್ದು, ದಂಡೋತಿಯವರ ಎಮ್ಮೆ ಹೊಡೆದುಕೊಂಡು ಬಂದದ್ದು, ಎಲ್ಲ ಬರುತ್ತಿತ್ತು. ಎಲ್ಲಿ ಅಳಬೇಕು ಎಂಬುದೂ ಅವನಿಗೆ ಗೊತ್ತಿತ್ತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರೆ ಅವನ ಮುಖ ಅರಳುತ್ತಿತ್ತು.

ಒಂದು ಪಾಪ ಮಾತ್ರ ಆ ಬಾಯಿಂದ ಬರಲಿಲ್ಲ.

ಗಣಿಯಲ್ಲಿ ಬಂಡೆಗೆ ಮದ್ದು ತುಂಬಿ ಸುರಂಗ ಹಾರಿಸುವ ಮುಂಚೆ ತಗಡು ಬಡಿದು ಎಲ್ಲರನ್ನೂ ಮೇಲೆ ಹತ್ತಿಸುತ್ತಿದ್ದರು. ಆಮೇಲೆ ಮುಕಾದಮ ತಾನೇ ಕೆಳಗಿಳಿದು, ಕುಣಿಯ ಮೂಲೆಮೂಲೆ ತಿರುಗಿ ನೋಡಿ ಬಂದು ಬತ್ತಿಗೆ ಬೆಂಕಿ ಹಚ್ಚಿಸಬೇಕು. ಸುತ್ತಿಗೆ ಬಡಿದು ಬಡಿದು ಕಲ್ಲು ಒಡೆಯುವವರ ಕಿವಿ ಮಂದವಾಗಿರುತ್ತದೆ, ತಗಡಿನ ಸದ್ದು ನಂಬುವಂತಿಲ್ಲ. ಒಂದು ಮಧ್ಯಾಹ್ನ ಗಣಿಯ ಮಾಲೀಕ ಶೇಟಜಿ ಟಾಂಗಾದಲ್ಲಿ ಬಂದಿಳಿದ. ಶೇಟಜಿಯ ಮುಂದೆ ಬೆವರು ಸುರಿಸುತ್ತ ಕುಣಿಯಿಂದ ಹತ್ತಿಬರುವುದು ಅಂಬರಾಯನಿಗೆ ಮರ್ಯಾದೆ ಎನಿಸಲಿಲ್ಲ. ತಗಡು ಬಡಿಸಿದ, ಮೀಸೆ ತಿರುವಿದ, ಮದ್ದಿನವನಿಗೆ "ಹಚ್ಚೋ" ಎಂದ. ಕೆಳಗೆ ಮೂಲೆಯಲ್ಲಿ ಕಿವಿ ಮಂದವಾದ ದೇವಪುತ್ರ ಬೆನ್ನು ತಿರುಗಿಸಿ ಕಲ್ಲು ಕಡಿಯುತ್ತಿದ್ದ.

ಹೆಣ ಮೇಲೆ ತಂದಾಗ ಅಂಬರಾಯ ಎಲ್ಲರಿಗಿಂತ ಜೋರಾಗಿ ಅತ್ತ. ಅತ್ತು ಮುಗಿಸಿ ಪಾದ್ರಿಗೆ ಹೇಳಿದ: "ಕುಡದು ಮಕ್ಕೊಂಡಿದ್ದ್ರಿ. ನಾ ಒದರಿ ಒದರಿ ಸಾಕಾದೆ." ನಿಜ ಕಂಡವರು ಬಾಯಿ ಮುಚ್ಚಿಕೊಂಡರು, ಅವರ ಕೂಲಿ ಅವನ ಕೈಯಲ್ಲಿತ್ತು. ಕುಡಿದು ಸತ್ತವನಿಗೆ ಸ್ಮಶಾನದ ಗೋಡೆಯೊಳಗೆ ಜಾಗವಿಲ್ಲ ಎಂಬುದು ಆ ಸಭೆಯ ಕಟ್ಟಳೆ. ಜನ್ಮದಲ್ಲಿ ಶೇಂದಿ ಮುಟ್ಟದ ದೇವಪುತ್ರನನ್ನು ಗೋಡೆಯ ಹೊರಗೆ ಹೂಳಿದರು. ಅವನ ಹೆಂಡತಿ ಮಾರ್ತಮ್ಮ ಗಂಡನನ್ನು ಒಳಗೆ ತನ್ನಿರೆಂದು ವರ್ಷವರ್ಷವೂ ಕೇಳುತ್ತಿದ್ದಳು. ಬೇಡವೆನ್ನುವ ಹಿರಿಯರಲ್ಲಿ ಅಂಬರಾಯನದೇ ಮೊದಲ ದನಿ.

ನಿದ್ದೆ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ದೇವರು ಪಾಪಗಳನ್ನು ಸಮುದ್ರದ ಆಳಕ್ಕೆ ಎಸೆದುಬಿಡುತ್ತಾನೆ, ಮತ್ತೆ ನೆನೆಯುವುದಿಲ್ಲ ಎಂದು ಪಾದ್ರಿ ಬೋಧಿಸಿದ ದಿನ ಅವನು ಎಲ್ಲರಿಗಿಂತ ಜೋರಾಗಿ ಆಮೆನ್ ಎಂದಿದ್ದ. ಸಮುದ್ರ ಅವನು ಕಂಡವನಲ್ಲ. ಕಾಗಿಣಾ ಹೊಳೆ ತುಂಬಿ ಹರಿದಾಗ ಕಸಕಡ್ಡಿ ಕೊಚ್ಚಿಹೋಗುವುದನ್ನು ಕಂಡಿದ್ದ, ಅಷ್ಟೇ ಸಾಕಾಗಿತ್ತು. ಕಾಯಿನನು ತಮ್ಮನನ್ನು ಕೊಂದ ಕಥೆ, ಆ ನೆತ್ತರು ನೆಲದೊಳಗಿಂದ ದೇವರನ್ನು ಕೂಗಿದ ಕಥೆ ಬಂದರೆ ಮಾತ್ರ ಎತ್ತಿಗೆ ನೀರು ತೋರಿಸಬೇಕೆಂದು ಎದ್ದು ಹೋಗುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ!

ಆ ವರ್ಷದ ಸುಗ್ಗಿ ಹಬ್ಬಕ್ಕೆ ವಾಡಿಯಿಂದ ರೈಲಿನ ಗ್ಯಾಂಗಮನ್ ದಾನಿಯೇಲಪ್ಪ ಬಂದಿದ್ದ. ಶೇಂದಿ ಬಿಟ್ಟ ಕಥೆಯನ್ನು ಎಷ್ಟು ಸೊಗಸಾಗಿ ಹೇಳಿದನೆಂದರೆ ಪಾದ್ರಿಯ ಕಣ್ಣೂ ಒದ್ದೆಯಾಯಿತು. ಅಂಬರಾಯನಿಗೆ ಹೊಟ್ಟೆಯುರಿ ತಡೆಯಲಾಗಲಿಲ್ಲ.

"ಅವ ಬಿಟ್ಟಾನ, ನಾ ಬಿಡಿಸೀನಿ!" ಎಂದು ಎದ್ದ. "ಶೇಟಜಿ ಟಾಂಗಾದಾಗ ಬಂದಿದ್ನಲ್ಲ, ಅದೇ ಶುಭ ಶುಕ್ರವಾರ. ಮುಂಜಾನಿ ಗಣಿಯಾಗಿನ ಶೇಂದಿ ಗಡಿಗಿ ಎಲ್ಲಾ ಈ ಕೈಲೇ ಒಡದೀನಿ. ಒಬ್ಬೊಬ್ಬನ ಬುತ್ತಿಗಂಟು ಬಿಚ್ಚಿ ನೋಡೀನಿ. ಸಂಜೀತನಕಾ ಒಂದು ಹನಿ ಒಳಗ ಬಿಟ್ಟಿಲ್ಲ!"

ಮೆಚ್ಚಿಗೆಗಾಗಿ ಸುತ್ತ ನೋಡಿದ. ಹೆಂಗಸರ ಸಾಲಿನಲ್ಲಿ ಮಾರ್ತಮ್ಮ ಎದ್ದು ನಿಂತಿದ್ದಳು.

"ಮುಕಾದಮಣ್ಣ, ಅವತ್ತೇ ನನ್ನ ಗಂಡ ಸತ್ತದ್ದು. ಒಂದು ಹನಿ ಇಲ್ಲಂದ್ರ ಅಂವ ಏನ್ ಕುಡದಿದ್ದ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಬ್ಬದ ಊಟಕ್ಕೆಂದು ಬಂದು ಬಾಗಿಲಲ್ಲಿ ಕುಳಿತಿದ್ದ ಮುದುಕ ಬಂದೇಅಲಿಯ ಕಡೆಗೆ ಪಾದ್ರಿ ತಿರುಗಿದ. ಅವನು ಗಣಿಯಲ್ಲಿ ಮದ್ದು ತುಂಬುತ್ತಿದ್ದವನು.

"ಅವತ್ತು ಇಂವ ಕೆಳಗ ಇಳಿದು ನೋಡಿದ್ನೇನು?"

"ಇಲ್ರಿ ಸಾಹೇಬ್ರ. ಇಂವ ಹಚ್ಚು ಅಂದ, ನಾ ಹಚ್ಚಿದೆ. ಅಲ್ಲಾಗ ಗೊತ್ತದ," ಎಂದ ಬಂದೇಅಲಿ.

"ದೇವರು ಮರ್ತಾನ!" ಎಂದು ಅಂಬರಾಯ ಕಿರುಚಿದ. "ಸಮುದ್ರದಾಗ ಒಗದಾನ! ನೀವ್ಯಾರು ಎತ್ತಾಂವ್ರು?"

ಯಾರೂ ಆಮೆನ್ ಎನ್ನಲಿಲ್ಲ.

ಹೂತವನನ್ನು ಅಗೆಯುವುದು ಬೇಡವೆಂದು ಗಣಿಯ ಕೂಲಿಯವರು ಸ್ಮಶಾನದ ಗೋಡೆಯನ್ನೇ ಒಡೆದು, ದೇವಪುತ್ರನ ಗೋರಿ ಒಳಗೆ ಬರುವಂತೆ ಮತ್ತೆ ಕಟ್ಟಿದರು. ನಾಚಿಕೆಗೇಡಿ ಅಂಬರಾಯ ಒಂದು ಬಂಡಿ ಕಲ್ಲು ತಂದು ನಿಂತ. ಮಾರ್ತಮ್ಮ ಅದರಲ್ಲಿ ಒಂದನ್ನೂ ಮುಟ್ಟಗೊಡಲಿಲ್ಲ.

ಮರುವರ್ಷ ಸುಗ್ಗಿ ಹಬ್ಬದಲ್ಲಿ ಅವನು ಮತ್ತೆ ಎದ್ದ. ಚಟ ಬಿಡಬೇಕಲ್ಲ! ರುಮಾಲು ಸರಿಮಾಡಿಕೊಂಡ. "ನಾ ದೊಡ್ಡ ಪಾಪಿ ಇದ್ದೆ. ಶೇಂದಿ ಕುಡೀತಿದ್ದೆ, ಇಸ್ಪೀಟು ಆಡತಿದ್ದೆ..."

ಮಾರ್ತಮ್ಮ ಕುಳಿತಲ್ಲಿಂದಲೇ ಹೇಳಿದಳು: "ಅವೆಲ್ಲಾ ನೀ ಹೇಳಿದಿ, ದೇವರು ಮರ್ತ. ಹೇಳಲಾರದ್ದು ಒಂದದ, ಅದಿನ್ನಾ ಅವನ ನೆನಪಿನಾಗೇ ಅದ. ಅದನ್ನ ಹೇಳಣ್ಣ, ಕೇಳ್ತೀವಿ."

ಸಭೆಯವರೆಲ್ಲ ಕಾದರು. ಅಂಬರಾಯ ಕಿಟಕಿಯಾಚೆಯ ಹೊಸ ಗೋಡೆಯನ್ನು ನೋಡಿದ, ತುಟಿ ಒರೆಸಿಕೊಂಡ, ಕುಳಿತುಬಿಟ್ಟ.