ಪುಟದ ಅಡಿಯಲ್ಲಿದ್ದ ಹೆಸರು

ಮೊನ್ನೆ ಗೆಜ್ಜಲಗೆರೆಯ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಬಿತ್ತು. ಆ ಘಮಕ್ಕೆ ಮದ್ದೂರಿನ ಓನರಮ್ಮ ನೆನಪಾದರು. ಅವರ ಮಹಡಿ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಬಸ್ಸಾರು ಮಾಡಿದ ದಿನ ನನಗೂ ಒಂದು ಬಟ್ಟಲು ಮೇಲಕ್ಕೆ ಬರುತ್ತಿತ್ತು...

ಅವರ ಯಜಮಾನರು ಗೆಳೆಯರೊಂದಿಗೆ ರಕ್ತದಾನಿಗಳ ಗುಂಪೊಂದನ್ನು ನಡೆಸುತ್ತಿದ್ದರು. ಗುಂಪಿನ ವೆಬ್‌ಸೈಟಿನ ಪ್ರತಿ ಪುಟದ ಅಡಿಯಲ್ಲೂ ಅವರ ಹೆಸರು, ಮನೆಯ ಫೋನ್ ನಂಬರು. ಅವರು ತೀರಿಕೊಂಡ ಮೇಲೂ ಕರೆಗಳು ನಿಲ್ಲಲಿಲ್ಲ. ಅವರನ್ನು ಕೇಳಿದವರಿಗೆಲ್ಲ, ಅವರಿಲ್ಲ ಎಂದು ಹೇಳಿ ಹೇಳಿ ಓನರಮ್ಮ ಸೋತುಹೋದರು.

“ನಿಂಗೆ ಕಂಪ್ಯೂಟ್ರು ಬತ್ತದಲ್ಲ ಕಣವ್ವ, ಅದನ್ನ ತಗ್ದಾಕ್ಬುಡು,” ಎಂದರು ಒಂದು ಭಾನುವಾರ.

ಗುಂಪಿನವರಿಂದ ಪಾಸ್‌ವರ್ಡ್ ಪಡೆದು ಸರ್ವರ್ ತೆರೆದೆ. ಪುಟಕ್ಕೊಂದು ಫೈಲ್ ಇರುತ್ತದೆ, ತಿದ್ದಿದರಾಯಿತು ಎಂದುಕೊಂಡಿದ್ದೆ. ನೋಡಿದರೆ ಆ ಪುಟಗಳ ಹೆಸರಿನ ಒಂದು ಫೈಲೂ ಇಲ್ಲ! ಯಾರಾದರೂ ತೆರೆದಾಗಷ್ಟೇ ಸರ್ವರ್ ಬೇರೆ ಬೇರೆ ತುಂಡುಗಳನ್ನು ಜೋಡಿಸಿ ಪುಟ ಮಾಡಿ ಕೊಡುತ್ತಿತ್ತು. ಆ ತುಂಡುಗಳು ಯಾವ ಫೋಲ್ಡರಿನಲ್ಲಿವೆಯೋ... ಓನರಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೊನೆಗೆ ಎಲ್ಲ ಫೋಲ್ಡರುಗಳನ್ನೂ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅವುಗಳೊಳಗೆ ಯಜಮಾನರ ಹೆಸರನ್ನೇ ಹುಡುಕಿಸಿದೆ. ಪುಟಗಳ ಅಡಿಭಾಗಕ್ಕೆಂದೇ ಇದ್ದ ಒಂದು ಚಿಕ್ಕ ಫೈಲಿನಲ್ಲಿ ಸಿಕ್ಕಿತು. ಎಲ್ಲ ಪುಟಗಳಿಗೂ ಅದು ಹೋಗುತ್ತಿದ್ದದ್ದು ಅಲ್ಲಿಂದಲೇ.

ಓನರಮ್ಮ ಬಗ್ಗಿ ನೋಡಿದರು. “ಓ, ಇಲ್ಲಿ ಕೂತವ್ರೆ ನೋಡವ್ವ!” ಎಂದು ನಕ್ಕರು. ಯಜಮಾನರು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

“ಅಳಿಸಲಾ ಅಮ್ಮ?”

ಸುಲಿಯುವ ಕೈ ನಿಂತಿತು.

“ಎಸ್ರು ಅಳ್ಸು. ನಂಬರು ಇರ್ಲಿ ಬುಡು. ನನ್ನೆಸ್ರು ಆಕು. ರಕ್ತ ಬೇಕು ಅಂದೋರ್ಗೆ ಇಲ್ಲ ಇಲ್ಲ ಅಂತ ಎಷ್ಟು ದಿನ ಅನ್ಲಿ?”

ಹಾಕಿ, ಆ ಫೈಲನ್ನು ಮತ್ತೆ ಸರ್ವರಿಗೆ ಏರಿಸಿದೆ. ಎಲ್ಲ ಪುಟಗಳಲ್ಲೂ ಒಟ್ಟಿಗೇ ಅವರ ಹೆಸರು ಬಂತು. ನಂಬದೆ ಒಂದೊಂದನ್ನೂ ತೆರೆಸಿ ನೋಡಿದರು.

ಆಮೇಲೆ ಆ ಮನೆ ಮತ್ತೆ ಗಲಗಲ ಅನ್ನತೊಡಗಿತು. “ಮಂಡ್ಯ ಆಸ್ಪತ್ರೇಲಿ ಬಾಣಂತಿ ಮಲ್ಗವ್ಳೆ ಕಣ್ಲಾ, ಎದ್ದೋಗ್ಲಾ!” ಎಂದು ಮಳವಳ್ಳಿಯ, ಬೆಳಕವಾಡಿಯ ದಾನಿಗಳನ್ನು ಗದರುವುದು ಮಹಡಿಗೂ ಕೇಳುತ್ತಿತ್ತು. ಬೈಸಿಕೊಂಡವರು ರಕ್ತ ಕೊಟ್ಟು ಬಂದು ಅವರಿಗೇ ಫೋನ್ ಮಾಡಿ ಹೇಳುತ್ತಿದ್ದರು. ಆಗ ಅವರ ಮುಖ ನೋಡಬೇಕಿತ್ತು...

ಓನರಮ್ಮ ಈಗಿಲ್ಲ. ಗುಂಪಿನವರು ಹೊಸ ವೆಬ್‌ಸೈಟ್ ಮಾಡಿಸಿದ್ದಾರೆ. ಈಚೆಗೆ ಅತ್ತಿಗೆಯ ಆಪರೇಷನ್ನಿಗೆ ರಕ್ತ ಬೇಕಾಗಿ ಅದರಲ್ಲಿದ್ದ ನಂಬರಿಗೆ ಕರೆ ಮಾಡಿದೆ. ಯಾರೋ ಮೆಲುದನಿಯಲ್ಲಿ ವಿವರ ಬರೆದುಕೊಂಡರು, ಬೇಗನೆ ಒಬ್ಬರನ್ನು ಕಳಿಸಿಯೂ ಕೊಟ್ಟರು. ಎಲ್ಲ ಸಲೀಸಾಗಿ ಆಯಿತು. ಆದರೂ ಫೋನಿಟ್ಟ ಮೇಲೆ, ಈಗ ಬೈಯುವವರೇ ಇಲ್ಲವಲ್ಲ ಅನ್ನಿಸಿತು.