ದೊಡ್ಡಕ್ಕನ ಶಾಲೆ

ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಮೊದಲ ಪ್ರಿನ್ಸಿಪಾಲರನ್ನು ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದೇ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಮುರಿದ ಮಂಚಗಳನ್ನು ತುಂಬಿದ್ದ ಉಗ್ರಾಣವನ್ನು ತಾವೇ ತೋಳೇರಿಸಿ ಗುಡಿಸಿ ಅವರು ಶಾಲೆ ತೆರೆದರು. ನೋಡಲು ಬಂದ ಕುಲಪತಿಗಳು "ದಾದಿಯರಿಗೆ ಡಿಗ್ರಿ ಯಾಕಮ್ಮ?" ಎಂದು ಮೂಗು ಮುರಿದಾಗ, "ನಿಮಗೆ ಹುಷಾರು ತಪ್ಪಿದಾಗ ಗೊತ್ತಾಗತ್ತೆ ಸಾರ್, ಮೊದಲು ಕೈ ತೊಳ್ಕೊಂಡು ಬನ್ನಿ" ಅಂದರು, ಕುಲಪತಿಗಳು ತೆಪ್ಪಗೆ ತೊಳೆದುಕೊಂಡು ಬಂದರು. ಈಗ ಅದು ನಾಲ್ಕಂತಸ್ತಿನ ಕಟ್ಟಡ, ಪಿಎಚ್‌ಡಿವರೆಗೂ ಓದು. ಆದರೂ ಕೆಳಗಿನ ವಾರ್ಡಿನ ಹಾಸಿಗೆಯಲ್ಲೊಂದು ಸುಕ್ಕಿದ್ದರೆ ದೊಡ್ಡಕ್ಕನಿಗೆ ಮೇಲಿನ ಮಹಡಿಯಲ್ಲಿ ಊಟ ಸೇರುವುದಿಲ್ಲವೆಂದು ವಿದ್ಯಾರ್ಥಿನಿಯರ ನಂಬಿಕೆ. ಸೂಜಿ ಚುಚ್ಚುವುದನ್ನು ಕಲಿಯಲು ರಬ್ಬರ್ ಕೈಗಳಿವೆ. ಅವುಗಳಲ್ಲಿ ಪಳಗಿದವರ ಮುಂದೆ ಕೊನೆಗೆ ದೊಡ್ಡಕ್ಕ ತಮ್ಮ ಎಡಗೈಯನ್ನೇ ಚಾಚುತ್ತಾರೆ. "ಅಕ್ಕ, ನೋವಾದ್ರೆ?" "ಆಗ್ಲಿ ಬಿಡೇ. ರಬ್ಬರ್ ಕೈ 'ಅಮ್ಮಾ' ಅನ್ನಲ್ಲ, ನಾನು ಅಂತೀನಿ. ಚುಚ್ಚು." ಹೋದ ವರ್ಷ ಜ್ವರ ಬಂದು ಅವರು ಅದೇ ಆಸ್ಪತ್ರೆಯಲ್ಲಿ ಮಲಗಿದಾಗ, ಡ್ರಿಪ್ ಹಾಕಲು ಬಂದ ಹಳೆಯ ವಿದ್ಯಾರ್ಥಿನಿಗೆ ಆ ಕೈಯಲ್ಲಿ ಒಂದು ನರವೂ ಸಿಗಲಿಲ್ಲ, ಎಲ್ಲಿ ಮುಟ್ಟಿದರೂ ಹಿಂದೆ ಸೂಜಿ ಚುಚ್ಚಿದಲ್ಲಿ ಕಟ್ಟಿದ ಗಂಟುಗಳು. ಅವುಗಳಲ್ಲಿ ತನ್ನದೂ ಇದೆಯೆಂದು ಹೊಳೆದು ಅವಳ ಕಣ್ಣು ತುಂಬಿತು. "ಅಳ್ತಾ ನಿಂತ್ರೆ ಜ್ವರ ಇಳಿಯತ್ತೇನೇ?" ಎಂದು ದೊಡ್ಡಕ್ಕ ಹೊದಿಕೆಯೊಳಗಿಂದ ಬಲಗೈ ತೆಗೆದರು. "ಇದಿನ್ನೂ ಹೊಸದು ಕಣೇ. ಕಲಿತವರಿಗೇ ಅಂತ ಇಟ್ಟಿದ್ದೆ." ಸೂಜಿ ಒಂದೇ ಸಲಕ್ಕೆ ಕೂತಿತು, ದೊಡ್ಡಕ್ಕ ಅಷ್ಟರಲ್ಲಾಗಲೇ ನಿದ್ದೆಗೆ ಜಾರಿದ್ದರು.